ಸಣ್ಣ ನಾಡುಗಳ ಹೆಣ್ಣುಮಕ್ಕಳೂ ಕಾಲ್ಚೆಂಡಿನ ಆಟವೂ

ಒಂದು ನಾಡಿನ ದೊಡ್ಡತನವನ್ನು ಅಳೆಯುವದಕ್ಕೆ ಲೋಕದಲ್ಲಿ ಹಲವು ಅಳತೆಗೋಲುಗಳುಂಟು. ಕೆಲವರು ಭೂವಿಸ್ತಾರವನ್ನು ನೋಡುವರು. ಕೆಲವರು ಜನಸಂಖ್ಯೆಯನ್ನು ಎಣಿಸುವರು. ಮತ್ತೆ ಕೆಲವರು ಭಂಡಾರದ ಹಣವನ್ನೂ ಸೈನ್ಯದ ಬಲವನ್ನೂ ಲೆಕ್ಕಕ್ಕೆ ಹಿಡಿಯುವರು. ಆ ನಾಡಿನ ಹನ್ನೆರಡು ವರುಷದ ಹುಡುಗಿಯು ಸಂಜೆಯ ಹೊತ್ತಿನಲ್ಲಿ ಬಯಲಿಗೆ ಹೋಗಿ, ಮನದಣಿಯೆ ಆಡಿ, ನಿರ್ಭಯವಾಗಿ ಮನೆಗೆ ಮರಳಬಲ್ಲಳೇ ಎಂದು ಕೇಳಿ ನೋಡುವವರು ಮಾತ್ರ ವಿರಳ. ಹೀಗೆ ಕೇಳಿ ನೋಡಿದಾಗ ಭೂಪಟದಲ್ಲಿ ಎಳ್ಳುಕಾಳಿನಷ್ಟು ಕಾಣುವ ಕೆಲವು ನಾಡುಗಳು ನಮ್ಮ ಕಣ್ಣಿಗೆ ಬಹಳ ದೊಡ್ಡವಾಗಿ ತೋರುವವು.

೨೦೨೪ನೆಯ ಇಸವಿಯ ಜುಲೈ ೧೨ರಂದು ಐಸ್ಲೆಂಡ ದ್ವೀಪದ ರಾಜಧಾನಿಯಾದ ರೇಕ್ಯಾವಿಕ್ ಪಟ್ಟಣದಲ್ಲಿ ಸ್ತ್ರೀಯರ ಕಾಲ್ಚೆಂಡಿನ ಪಂದ್ಯವೊಂದು ನಡೆಯಿತು. ಎದುರಾಳಿಗಳು ಜರ್ಮನಿಯವರು. ಜರ್ಮನಿಯ ಜನಸಂಖ್ಯೆಯು ಎಂಟು ಕೋಟಿಗೂ ಮಿಕ್ಕದ್ದು; ಆ ದೇಶದ ಹೆಣ್ಣುಮಕ್ಕಳು ಎರಡು ಸಲ ವಿಶ್ವಕಪ್ಪನ್ನೂ ಎಂಟು ಸಲ ಯುರೋಪದ ಕಪ್ಪನ್ನೂ ಗೆದ್ದವರು. ಐಸ್ಲೆಂಡದ ಜನಸಂಖ್ಯೆಯಾದರೋ ಆಗ ನಾಲ್ಕು ಲಕ್ಷವನ್ನೂ ಮುಟ್ಟಿರಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಮೇರೆಯೊಳಗೆ ೨೦೧೧ರ ಜನಗಣತಿಯ ಪ್ರಕಾರ ೯ ಲಕ್ಷ ೪೩ ಸಾವಿರ ಜನರಿದ್ದರು. ಅಂದರೆ ನಮ್ಮ ಅವಳಿ ನಗರದ ಅರ್ಧದಷ್ಟೂ ಜನರಿಲ್ಲದ ನಾಡು ಅದು. ಅಂದು ಐಸ್ಲೆಂಡದವರು ಮೂರು ಗೋಲುಗಳನ್ನು ಹೊಡೆದು, ಒಂದನ್ನೂ ಹೊಡೆಸಿಕೊಳ್ಳದೆ ಗೆದ್ದರು. ಅದರಿಂದ ೨೦೨೫ರ ಯುರೋಪದ ಕಪ್ಪಿನ ಸ್ಪರ್ಧೆಗೆ ಅವರಿಗೆ ಪ್ರವೇಶವು ದೊರೆಯಿತು. ಆ ಸ್ಪರ್ಧೆಗೆ ಅವರು ಹೋದದ್ದು ಅದು ಒಂದರ ಹಿಂದೊಂದರಂತೆ ಐದನೆಯ ಸಲ.

ಇದು ಒಂದು ದಿನದ ಅದೃಷ್ಟವಲ್ಲವೆಂಬದು ಇದರಿಂದ ಸ್ಪಷ್ಟವಾಗುವದು. ಹಾಗಾದರೆ ಇಷ್ಟು ಸಣ್ಣ ನಾಡಿನಿಂದ ಇಷ್ಟು ಶಕ್ತಿಯು ಹೇಗೆ ಹುಟ್ಟಿತು? ಇದರಲ್ಲಿ ನಮ್ಮ ಮನೆಗಳವರು ಕಲಿತುಕೊಳ್ಳತಕ್ಕದ್ದೇನಾದರೂ ಉಂಟೇ? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಚೆಂಡು ಯಾರ ಆಟ?

ಕಾಲ್ಚೆಂಡಿನ ಮಾತು ಬಂದ ಕೂಡಲೆ ನಮ್ಮ ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುವದುಂಟು. "ಹುಡುಗಿಯರಿಗೆ ಚೆಂಡಾಟವೇಕೆ? ಇದು ನಮ್ಮ ಸಂಪ್ರದಾಯವಲ್ಲ" ಎಂದು ಅವರು ಹೇಳುವರು. ಸಂಪ್ರದಾಯದ ಹೆಸರನ್ನೆತ್ತುವವರು ಮೊದಲು ನಮ್ಮ ಕಾವ್ಯಗಳನ್ನು ತೆರೆದು ನೋಡಬೇಕು. ಕಾಳಿದಾಸನು ಕುಮಾರಸಂಭವದಲ್ಲಿ ಪಾರ್ವತಿಯ ಬಾಲ್ಯವನ್ನು ಬಣ್ಣಿಸುವಾಗ, ಅವಳು ಗೆಳತಿಯರೊಡನೆ ಮಂದಾಕಿನಿಯ ಮಳಲಿನಲ್ಲಿ ಚೆಂಡು ಬೊಂಬೆಗಳಿಂದ ಆಡಿದಳೆಂದು ಹೇಳಿರುವನು. ದಂಡಿಯ ದಶಕುಮಾರಚರಿತದಲ್ಲಿ ಸುಹ್ಮದೇಶದ ರಾಜಪುತ್ರಿಯೊಬ್ಬಳ ಹೆಸರೇ ಕಂದುಕಾವತಿ. ತಿಂಗಳಿಗೊಮ್ಮೆ ಕೃತ್ತಿಕಾ ನಕ್ಷತ್ರದ ದಿವಸ ದೇವಿಯ ಸನ್ನಿಧಿಯಲ್ಲಿ, ಜನರೆಲ್ಲರ ಎದುರಿಗೆ, ಚೆಂಡಾಡುವದು ಅವಳ ವ್ರತವಾಗಿದ್ದಿತು. ಅವಳ ಹೊಡೆತಗಳ ಬಗೆಬಗೆಯನ್ನು ದಂಡಿಯು ಶಾಸ್ತ್ರದ ಹೆಸರುಗಳನ್ನಿಟ್ಟು ವರ್ಣಿಸಿರುವನು. ರಾಜಪುತ್ರಿಯು ಸಭೆಯಲ್ಲಿ ಚೆಂಡಾಡಿದರೆ ಅದು ವ್ರತ, ನಮ್ಮ ಓಣಿಯ ಹುಡುಗಿಯು ಬಯಲಿನಲ್ಲಿ ಆಡಿದರೆ ಅದು ಅಪಚಾರ ಎಂಬದು ಯಾವ ನ್ಯಾಯವು? ಆಕೆ ಆಡಿದ್ದು ಕೈಚೆಂಡು, ಇದು ಕಾಲ್ಚೆಂಡು ಎಂಬ ಭೇದವೊಂದನ್ನು ಬೇಕಾದರೆ ಒಪ್ಪಬಹುದು. ಆದರೆ ಬೆವರು ಒಂದೇ, ಉಲ್ಲಾಸವೂ ಒಂದೇ.

ನಿಷೇಧದ ಕಾಲ

ಯುರೋಪದವರು ಮೊದಲಿನಿಂದಲೇ ತಮ್ಮ ಹೆಣ್ಣುಮಕ್ಕಳನ್ನು ಆಟಕ್ಕೆ ಹುರಿದುಂಬಿಸುತ್ತ ಬಂದರೆಂದು ಯಾರಾದರೂ ತಿಳಿದುಕೊಂಡಿದ್ದರೆ ಅದು ತಪ್ಪು. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಇಂಗ್ಲಂಡದ ಕಾರಖಾನೆಗಳಲ್ಲಿ ಹೆಂಗಸರು ದುಡಿಯತೊಡಗಿದರು. ಬಿಡುವಿನಲ್ಲಿ ಕಾಲ್ಚೆಂಡನ್ನೂ ಆಡತೊಡಗಿದರು. ಪ್ರೆಸ್ಟನ್ ಪಟ್ಟಣದ ಡಿಕ್ ಕರ್ ಕಾರಖಾನೆಯ ಹೆಂಗಸರ ತಂಡವು ಬಹು ಪ್ರಸಿದ್ಧಿಗೆ ಬಂದಿತು. ೧೯೨೦ರ ಡಿಸೆಂಬರ ೨೬ರಂದು ಲಿವರ್‌ಪೂಲ್‌ದಲ್ಲಿ ಆ ತಂಡದ ಆಟವನ್ನು ನೋಡುವದಕ್ಕೆ ೫೩ ಸಾವಿರ ಜನರು ಕೂಡಿದ್ದರು. ಮರುವರುಷವೇ, ೧೯೨೧ರ ಡಿಸೆಂಬರ ೫ರಂದು, ಇಂಗ್ಲಂಡದ ಕಾಲ್ಚೆಂಡು ಮಂಡಳವು ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ಠರಾವು ಮಾಡಿ, ತನ್ನ ಅಂಗಸಂಘಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ಅಪ್ಪಣೆ ಹೊರಡಿಸಿತು. ಮೈದಾನವನ್ನು ಕಸಿದುಕೊಂಡರೆ ಆಟವು ತಾನೇ ಸಾಯುವದೆಂಬದು ಅವರ ಎಣಿಕೆ. ವೇಲ್ಸ್ ನಾಡು ೧೯೨೨ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಜರ್ಮನಿಯು ೧೯೫೫ರಿಂದ ೧೯೭೦ರ ವರೆಗೆ ಇಂಥದೇ ನಿಷೇಧವನ್ನು ನಡೆಸಿತು. ಐವತ್ತು ವರುಷ ಅಂದರೆ ಎರಡು ತಲೆಮಾರು. ಅಜ್ಜಿಯು ಕಲಿತ ಆಟವು ಮೊಮ್ಮಗಳಿಗೆ ಮುಟ್ಟದೆ ನಡುವೆಯೇ ಕಡಿದುಹೋಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬ್ರಿಟನ್ ಒಂದೇ ರಾಜ್ಯವಾಗಿದ್ದರೂ ಕಾಲ್ಚೆಂಡಿನಲ್ಲಿ ಇಂಗ್ಲಂಡ, ಸ್ಕಾಟ್ಲಂಡ, ವೇಲ್ಸ್, ಉತ್ತರ ಐರ್ಲಂಡ ಇವು ನಾಲ್ಕೂ ಬೇರೆ ಬೇರೆ ರಾಷ್ಟ್ರಗಳಂತೆ ತಮ್ಮ ತಮ್ಮ ತಂಡಗಳನ್ನು ಕಳಿಸುವವು. ಆದ್ದರಿಂದ ಸಣ್ಣ ನಾಡುಗಳೆಂದು ಹೇಳುವಾಗ ಈ ಕೊನೆಯ ಮೂರನ್ನೂ ಎಣಿಸತಕ್ಕದ್ದು.

ಸ್ಕಾಟ್ಲಂಡವು ಎಲ್ಲರಿಗಿಂತಲೂ ಹಟಮಾರಿಯಾಗಿದ್ದಿತು. ಸ್ತ್ರೀಯರ ಆಟವನ್ನು ಆಯಾ ದೇಶದ ಮಂಡಳವು ತನ್ನ ಆಶ್ರಯಕ್ಕೆ ತೆಗೆದುಕೊಳ್ಳಬೇಕೆಂದು ಯುರೋಪದ ಮಂಡಳವು ೧೯೭೧ರಲ್ಲಿ ಮತ ಕೇಳಿದಾಗ ಬೇಡವೆಂದದ್ದು ಸ್ಕಾಟ್ಲಂಡವೊಂದೇ. ಇದರ ಫಲವನ್ನು ಅರಿಯಲು ರೋಸ್ ರೈಲಿ ಎಂಬವಳ ಕಥೆಯನ್ನು ಕೇಳಬೇಕು. ಚಿಕ್ಕವಳಿದ್ದಾಗ ಹುಡುಗರ ತಂಡದಲ್ಲಿ ಆಡುವದಕ್ಕಾಗಿ ಅವಳು ಕೂದಲನ್ನು ಕತ್ತರಿಸಿಕೊಂಡು, ರಾಸ್ ಎಂಬ ಗಂಡುಹೆಸರನ್ನು ಇಟ್ಟುಕೊಂಡಳು. ೧೯೭೨ರ ನವೆಂಬರ ತಿಂಗಳಲ್ಲಿ ಸ್ಕಾಟ್ಲಂಡದ ಸ್ತ್ರೀಯರು ಇಂಗ್ಲಂಡದ ಎದುರು ಗ್ರೀನಾಕ್‌ದಲ್ಲಿ ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನಾಡಿ ೩-೨ರಿಂದ ಸೋತಾಗ ಆ ತಂಡದಲ್ಲಿ ಗೋಲು ಹೊಡೆದವರಲ್ಲಿ ಇವಳೂ ಒಬ್ಬಳು. ಸ್ವದೇಶದಲ್ಲಿ ಆಸರೆಯಿಲ್ಲದೆ ಮೊದಲು ಫ್ರಾನ್ಸಕ್ಕೂ ಆಮೇಲೆ ಇಟಲಿಗೂ ಹೋಗಿ, ಕಡೆಗೆ ಇಟಲಿಯ ತಂಡದಲ್ಲಿಯೇ ಸೇರಿ ೧೯೮೪ರ ಅಂತರರಾಷ್ಟ್ರೀಯ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಜರ್ಮನಿಯನ್ನು ಸೋಲಿಸಿದಳು. ತಾಯಿನಾಡು ಅವಳಿಗೂ ಅವಳ ಜೊತೆಯವರಿಗೂ ರಾಷ್ಟ್ರದ ಆಟಗಾರರಿಗೆ ಕೊಡುವ ಗೌರವದ ಟೊಪ್ಪಿಗೆಯನ್ನು ಕೊಟ್ಟದ್ದು ೨೦೧೯ರಲ್ಲಿ, ನಾಲ್ವತ್ತೇಳು ವರುಷಗಳ ತರುವಾಯ. ದೊಡ್ಡ ದೇಶವು ಒಬ್ಬ ರೋಸಳನ್ನು ಕಳೆದುಕೊಂಡು ಬದುಕಬಹುದು. ಸಣ್ಣ ದೇಶಕ್ಕೆ ಆ ಸಿರಿವಂತಿಕೆಯಿಲ್ಲ.

ಕೇಳಿದವರು ಮೂವರು, ನಿಂತು ಮಾತಾಡಿದವಳೊಬ್ಬಳು

ಈ ಸ್ಥಿತಿಯು ತಾನಾಗಿ ಬದಲಾಗಲಿಲ್ಲ. ಕೆಲವರು ಧೈರ್ಯದಿಂದ ಬಾಯಿ ತೆರೆದದ್ದರಿಂದ ಬದಲಾಯಿತು. ಸುಮಾರು ೫೫ ಲಕ್ಷ ಜನರಿರುವ ನಾರ್ವೆ ದೇಶದ ಎಲೆನ್ ವಿಲ್ಲೆ ಎಂಬವಳು ೧೯೮೬ರಲ್ಲಿ ಮೆಕ್ಸಿಕೋದಲ್ಲಿ ನೆರೆದ ಫೀಫಾ ಎಂಬ ವಿಶ್ವಮಂಡಳದ ಮಹಾಸಭೆಯಲ್ಲಿ ಎದ್ದು ನಿಂತಳು. ಆ ಸಭೆಯಲ್ಲಿ ಅದಕ್ಕಿಂತ ಮೊದಲು ಯಾವ ಸ್ತ್ರೀಯೂ ಮಾತಾಡಿರಲಿಲ್ಲ. ಅವಳು ಬಹು ಗಿಡ್ಡ ನಿಲುವಿನವಳು. ಮಂಡಳದ ವರದಿಯಲ್ಲಿ ಸ್ತ್ರೀಯರ ಆಟಕ್ಕೆ ಸಿಕ್ಕ ಸ್ಥಳವು ತೀರ ಅಲ್ಪವೆಂದೂ, ಸ್ತ್ರೀಯರಿಗೂ ವಿಶ್ವಕಪ್ ಬೇಕೆಂದೂ ಅವಳು ನೇರವಾಗಿ ಕೇಳಿದಳು. ೧೯೮೮ರಲ್ಲಿ ಚೀನ ದೇಶದಲ್ಲಿ ಪ್ರಯೋಗಾರ್ಥವಾಗಿ ಒಂದು ಸ್ಪರ್ಧೆಯನ್ನು ನಡೆಸಿದರು. ಅದನ್ನು ಗೆದ್ದವರು ನಾರ್ವೆಯವರೇ. ೧೯೯೧ರಲ್ಲಿ ಮೊದಲ ವಿಶ್ವಕಪ್ ನಡೆಯಿತು. ೧೯೯೫ರಲ್ಲಿ ಆ ಕಪ್ಪನ್ನು ನಾರ್ವೆಯು ಗೆದ್ದಿತು. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ೨೦೧೧ರಲ್ಲಿ ೪೭ ಲಕ್ಷಕ್ಕೂ ಹೆಚ್ಚು ಜನರಿದ್ದರೆಂಬದನ್ನು ಇಲ್ಲಿ ನೆನೆಯತಕ್ಕದ್ದು.

ವೇಲ್ಸ್ ನಾಡಿನಲ್ಲಿ ೧೯೯೨ರಲ್ಲಿ ಲಾರಾ ಮ್ಯಾಕಲಿಸ್ಟರ್, ಮಿಶೆಲ್ ಆಡಮ್ಸ್, ಕರೆನ್ ಜೋನ್ಸ್ ಎಂಬ ಮೂವರು ಆಟಗಾರ್ತಿಯರು ತಮ್ಮ ಕಾಲ್ಚೆಂಡು ಮಂಡಳಕ್ಕೆ ಹೋಗಿ, ಸ್ತ್ರೀಯರ ತಂಡವನ್ನು ರಾಷ್ಟ್ರದ ತಂಡವೆಂದು ಒಪ್ಪಿಕೊಳ್ಳಿರೆಂದು ಕೇಳಿಕೊಂಡರು. ಮರುವರುಷ ಮಂಡಳವು ಒಪ್ಪಿತು. ಅಲ್ಲಿಂದ ಮೂವತ್ತೊಂದು ವರುಷ ಕಾಯಬೇಕಾಯಿತು: ೨೦೨೪ರ ಡಿಸೆಂಬರ ೩ರಂದು ವೇಲ್ಸಿನವರು ಡಬ್ಲಿನ್ ಪಟ್ಟಣದಲ್ಲಿ ಐರ್ಲಂಡವನ್ನು ಸೋಲಿಸಿ ಮೊದಲ ಸಲ ಯುರೋಪದ ಕಪ್ಪಿನ ಸ್ಪರ್ಧೆಗೆ ಪ್ರವೇಶ ಪಡೆದರು. ಅಲ್ಲಿ ೨೦೨೫ರಲ್ಲಿ ಆಡಿದ ಮೂರು ಪಂದ್ಯಗಳಲ್ಲಿಯೂ ಅವರು ಸೋತರು. ಆದರೆ ಫ್ರಾನ್ಸದ ಎದುರು ಜೆಸ್ ಫಿಶ್‌ಲಾಕ್ ಎಂಬ ಹಿರಿಯ ಆಟಗಾರ್ತಿಯು ಆ ನಾಡಿನ ಮೊದಲ ಗೋಲನ್ನು ಹೊಡೆದಾಗ, ಸೋತ ತಂಡದ ಜನರೇ ಹಬ್ಬವನ್ನಾಚರಿಸಿದರು. ಅರ್ಜಿ ಬರೆದ ಮೂವರಲ್ಲಿ ಒಬ್ಬಳಾದ ಲಾರಾ ಮ್ಯಾಕಲಿಸ್ಟರ್ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿ, ೨೦೨೩ರಲ್ಲಿ ಯುರೋಪದ ಮಂಡಳದ ಕಾರ್ಯಕಾರೀ ಸಮಿತಿಗೆ ಆಯ್ಕೆಗೊಂಡಳು.

ಐಸ್ಲೆಂಡದ ಗುಟ್ಟು

ಈಗ ಮೊದಲು ಕೇಳಿದ ಪ್ರಶ್ನೆಗೆ ಮರಳೋಣ. ಐಸ್ಲೆಂಡದವರು ೧೯೮೧ರಲ್ಲಿ ಸ್ಕಾಟ್ಲಂಡದ ಎದುರು ತಮ್ಮ ಮೊದಲ ಪಂದ್ಯವನ್ನಾಡಿ ಸೋತರು. ಅಲ್ಲಿ ಚಳಿಗಾಲವು ದೀರ್ಘ. ಹಗಲು ನಾಲ್ಕೈದು ತಾಸು ಮಾತ್ರ. ಹಿಮವೂ ಬಿರುಗಾಳಿಯೂ ಬಯಲಿನ ಮೇಲೆ ಕಾಲಿಡಗೊಡವು. ಧಾರವಾಡದ ಆಷಾಢದ ಜಡಿಮಳೆಯನ್ನು ಕಂಡವರು ಇಂಥ ತೊಡಕನ್ನು ಸ್ವಲ್ಪಮಟ್ಟಿಗೆ ಊಹಿಸಬಲ್ಲರು. ಅವರು ಋತುವನ್ನು ಶಪಿಸುತ್ತ ಕೂಡ್ರಲಿಲ್ಲ. ೨೦೦೦ದಲ್ಲಿ ಕೆಫ್ಲಾವಿಕ್ ಊರಿನಲ್ಲಿ ಇಡೀ ಕಾಲ್ಚೆಂಡಿನ ಮೈದಾನವನ್ನೇ ಒಳಗೊಳ್ಳುವಂಥ ದೊಡ್ಡ ಛಾವಣಿಯ ಮನೆಯನ್ನು ಕಟ್ಟಿದರು. ಆ ಮೇಲೆ ಬೇರೆ ಊರುಗಳಲ್ಲಿಯೂ ಅಂಥವು ಎದ್ದವು. ಇವುಗಳನ್ನು ಕಟ್ಟಿಸಿದ್ದು ಮುಖ್ಯವಾಗಿ ಊರೂರಿನ ಪುರಸಭೆಗಳು. ಅಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹೊತ್ತನ್ನು ಹಂಚಿ ಕೊಡುವರು.

ಎರಡನೆಯದು ಶಿಕ್ಷಕರ ಮಾತು. ಐದಾರು ವರುಷದ ಮಕ್ಕಳಿಗೆ ಆಟ ಕಲಿಸುವವರೂ ಅಲ್ಲಿ ವಿಧಿಪೂರ್ವಕವಾಗಿ ತರಬೇತಿ ಹೊಂದಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಅವರಿಗೆ ಸಂಬಳವುಂಟು. ಮೊದಲ ಪಾಠಕ್ಕೇ ಒಳ್ಳೆಯ ಗುರು ಬೇಕೆಂಬ ತತ್ತ್ವವನ್ನು ನಮ್ಮ ಪೂರ್ವಿಕರು ಸಂಗೀತಕ್ಕೂ ವೇದಾಧ್ಯಯನಕ್ಕೂ ಅನ್ವಯಿಸಿದ್ದರು. ಅವರು ಅದನ್ನು ಚೆಂಡಿಗೂ ಅನ್ವಯಿಸಿದರು.

ಮೂರನೆಯದು ಮನೆಯವರ ಪಾಲು. ಕುಟುಂಬಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು. ೧೯೯೦ರ ಸುಮಾರಿಗೆ ಐಸ್ಲೆಂಡದ ಎಳೆಯರಲ್ಲಿ ಕುಡಿತದ ಚಟವು ಭಯಂಕರವಾಗಿ ಹಬ್ಬಿದ್ದಿತು. ೧೯೯೮ರಲ್ಲಿ ಹದಿನೈದು-ಹದಿನಾರು ವರುಷದವರಲ್ಲಿ ನೂರಕ್ಕೆ ೪೨ ಜನರು ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರೆಂದು ಕಂಡುಬಂದಿತು. ಸರಕಾರ, ಶಾಲೆ, ಪಾಲಕರು ಮೂವರೂ ಕೈಗೂಡಿಸಿದರು. ಪಾಲಕರು ತಮ್ಮತಮ್ಮೊಳಗೆ ಒಡಂಬಡಿಕೆ ಮಾಡಿಕೊಂಡು ಮಕ್ಕಳನ್ನು ರಾತ್ರಿ ಹೊರಗೆ ಅಲೆಯಗೊಡದಾದರು. ಅದರ ಬದಲು ಆಟ, ಸಂಗೀತ, ನೃತ್ಯಗಳಿಗೆ ಎಡೆ ಮಾಡಿಕೊಟ್ಟರು. ಬಡವರ ಮಕ್ಕಳು ಹಿಂದುಳಿಯಬಾರದೆಂದು ರೇಕ್ಯಾವಿಕ್ ನಗರಸಭೆಯು ಪ್ರತಿ ಮಗುವಿನ ಇಂಥ ವೆಚ್ಚಕ್ಕೆ ವರ್ಷಂಪ್ರತಿ ಸಹಾಯಧನವನ್ನೂ ಗೊತ್ತುಮಾಡಿತು. ೨೦೧೬ರ ಹೊತ್ತಿಗೆ ಆ ನಾಲ್ವತ್ತೆರಡು ನೂರಕ್ಕೆ ಐದಕ್ಕೆ ಇಳಿದಿದ್ದಿತು. ಬೇಡವೆಂದು ಗದರಿಸಿದ್ದರಿಂದಷ್ಟೇ ಅಲ್ಲ, ಬೇಕಾದದ್ದನ್ನು ಕೈಗೆ ಕೊಟ್ಟದ್ದರಿಂದಲೂ ಆ ಮಕ್ಕಳು ಉಳಿದರು.

ಇವೆಲ್ಲಕ್ಕೂ ತಳಹದಿಯಾಗಿ ಆ ನಾಡಿನ ಸ್ತ್ರೀಯರ ಐಕ್ಯವಿರುವದು. ೧೯೭೫ರ ಅಕ್ಟೋಬರ ೨೪ರಂದು ಐಸ್ಲೆಂಡದ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರು ಕಚೇರಿಯ ಕೆಲಸವನ್ನೂ ಅಡಿಗೆಮನೆಯ ಕೆಲಸವನ್ನೂ ಒಂದು ದಿನ ಬಿಟ್ಟು ನಿಂತರು. ಅವರಿಲ್ಲದೆ ನಾಡು ನಡೆಯದೆಂಬದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಐದು ವರುಷಗಳ ತರುವಾಯ, ೧೯೮೦ರಲ್ಲಿ, ಜನರೇ ಮತ ಕೊಟ್ಟು ವಿಗ್ದಿಸ್ ಫಿನ್‌ಬೊಗದೋತ್ತಿರ್ ಎಂಬ ಸ್ತ್ರೀಯನ್ನು ಅಧ್ಯಕ್ಷಳನ್ನಾಗಿ ಆರಿಸಿದರು. ಈ ದೋತ್ತಿರ್ ಎಂಬ ಪದವು ಅಲ್ಲಿಯ ಬಹುತೇಕ ಸ್ತ್ರೀಯರ ಹೆಸರಿನ ಕೊನೆಗೆ ಬರುವದು. ಮಗಳು ಎಂದು ಅದರ ಅರ್ಥ. ನಮ್ಮ ಸಂಸ್ಕೃತದ ದುಹಿತೃ ಶಬ್ದಕ್ಕೆ ಅದು ಒಡಹುಟ್ಟಿದ ಶಬ್ದವೆಂಬದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಸಾವಿರಾರು ಹರದಾರಿ ದೂರದ ಆ ಹಿಮದ ನಾಡಿನ ದುಹಿತೆಯರೂ ನಮ್ಮ ದುಹಿತೆಯರೂ ಹೆಸರಿನಿಂದಲಾದರೂ ಸಂಬಂಧಿಕರೇ ಸರಿ.

ಸೋಲಿನ ಶಾಲೆ

ಸಣ್ಣ ನಾಡುಗಳೆಲ್ಲವೂ ಐಸ್ಲೆಂಡದಂತೆ ಗೆಲ್ಲುವವೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ೨೦೨೧ರ ನವೆಂಬರ ೩೦ರಂದು ಲಾಟ್ವಿಯಾ ದೇಶದ ಹೆಣ್ಣುಮಕ್ಕಳು ಇಂಗ್ಲಂಡದ ಎದುರು ೨೦-೦ ಗೋಲುಗಳಿಂದ ಸೋತರು. ಇಂಥ ಸೋಲಿನಿಂದ ಗೆದ್ದವರಿಗೂ ಸೋತವರಿಗೂ ಲಾಭವಿಲ್ಲ. ಮೊದಲನೆಯ ಇಯತ್ತೆಯ ಮಗುವನ್ನು ಮ್ಯಾಟ್ರಿಕ್ ಪರೀಕ್ಷೆಗೆ ಕೂಡ್ರಿಸಿ ನಪಾಸು ಮಾಡಿದರೆ ಅದು ಕಲಿಯುವದೇನು? ಇದನ್ನರಿತು ಯುರೋಪದ ಮಂಡಳವು ೨೦೨೩ರಲ್ಲಿ ನೇಶನ್ಸ್ ಲೀಗ್ ಎಂಬ ಹೊಸ ಸ್ಪರ್ಧೆಯನ್ನು ಏರ್ಪಡಿಸಿತು. ಅದರಲ್ಲಿ ರಾಷ್ಟ್ರಗಳನ್ನು ಬಲಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿ, ಸಮಾನರು ಸಮಾನರೊಡನೆ ಆಡುವಂತೆ ಮಾಡಿದರು. ಗೆದ್ದವರು ಮೇಲಿನ ವರ್ಗಕ್ಕೆ ಏರುವರು, ಸೋತವರು ಕೆಳಕ್ಕಿಳಿಯುವರು. ಐವತ್ತೈದು ಸಾವಿರದಷ್ಟು ಜನರಿರುವ ಫಾರೋ ದ್ವೀಪದಂಥ ನಾಡಿಗೂ ಹೀಗೆ ಗೆಲ್ಲಬಹುದಾದ ಪಂದ್ಯಗಳು ಒದಗಿದವು. ಆ ದ್ವೀಪದವರು ೧೯೮೫ರಿಂದಲೇ ಸ್ತ್ರೀಯರ ಲೀಗನ್ನು ನಡೆಸುತ್ತ ಬಂದವರೆಂದು ಕೇಳಿದರೆ ಆಶ್ಚರ್ಯವಾಗದಿರದು. ನಮ್ಮ ಒಂದು ತಾಲೂಕಿನ ಊರಿನಲ್ಲಿರುವಷ್ಟು ಜನರು ಅವರು!

ಉತ್ತರ ಐರ್ಲಂಡದವರು ೨೦೨೨ರ ಯುರೋಪದ ಕಪ್ಪಿಗೆ ಪ್ರವೇಶ ಪಡೆದಾಗ ಅವರಷ್ಟು ಕೆಳಗಿನ ಕ್ರಮಾಂಕದ ತಂಡವು ಆ ವರೆಗೆ ಅಲ್ಲಿಗೆ ಹೋದದ್ದಿಲ್ಲ. ಹಗಲೆಲ್ಲ ಬೇರೆ ಉದ್ಯೋಗಗಳಲ್ಲಿ ದುಡಿದು ಸಂಜೆ ಅಭ್ಯಾಸ ಮಾಡುತ್ತಿದ್ದವರು ಅನೇಕರು. ಸ್ಪರ್ಧೆಗೆ ಮೊದಲು ಕೆಲವು ತಿಂಗಳು ಪೂರ್ಣಕಾಲ ಅಭ್ಯಾಸ ಮಾಡುವಂತೆ ಅವರ ಮಂಡಳವು ಹಣ ಒದಗಿಸಿತು. ಮೂರು ಪಂದ್ಯಗಳಲ್ಲಿಯೂ ಸೋತರು. ಆದರೂ ನಾರ್ವೆಯ ಎದುರು ಜೂಲಿ ನೆಲ್ಸನ್ ಹೊಡೆದ ಒಂದು ಗೋಲು ಆ ನಾಡಿನ ಚರಿತ್ರೆಯಲ್ಲಿ ಸೇರಿತು.

ಪಗಾರವೂ ತಾಯ್ತನವೂ

ಆಟವು ಜೀವನೋಪಾಯವೂ ಆದಾಗ ನ್ಯಾಯದ ಪ್ರಶ್ನೆಗಳು ಏಳುವವು. ೨೦೧೭ರ ಏಪ್ರಿಲ ೪ರಂದು ಐರ್ಲಂಡದ ಆಟಗಾರ್ತಿಯರು ಡಬ್ಲಿನ್‌ದಲ್ಲಿ ಪತ್ರಕರ್ತರನ್ನು ಕರೆಸಿ ತಮ್ಮ ದುಃಖವನ್ನು ತೋಡಿಕೊಂಡರು. ರಾಷ್ಟ್ರದ ಉಡುಪನ್ನು ಬೇರೆ ತಂಡದವರೊಡನೆ ಹಂಚಿಕೊಳ್ಳಬೇಕು. ಪ್ರವಾಸದಿಂದ ಮರಳುವಾಗ ವಿಮಾನನಿಲ್ದಾಣದ ಶೌಚಗೃಹದಲ್ಲಿಯೇ ಅದನ್ನು ಕಳಚಿ ಒಪ್ಪಿಸಬೇಕು: ಇದು ಅವರ ಪಾಡು. ಅದೇ ವರುಷ ನಾರ್ವೆಯಲ್ಲಿ ಸ್ತ್ರೀಪುರುಷರ ರಾಷ್ಟ್ರೀಯ ತಂಡಗಳಿಗೆ ಸಮಾನ ಹಣವನ್ನು ಕೊಡುವ ಕರಾರಾಯಿತು. ಐರ್ಲಂಡದಲ್ಲಿಯೂ ೨೦೨೧ರಲ್ಲಿ ಸಮಾನತೆ ಬಂದಿತು. ೨೦೨೩ರಲ್ಲಿ ಆ ಹೆಣ್ಣುಮಕ್ಕಳು ವಿಶ್ವಕಪ್ಪಿಗೂ ಹೋದರು.

ಇನ್ನೊಂದು ಸಂಗತಿಯು ಮನೆವಾರ್ತೆಯವರಿಗೆ ಇನ್ನೂ ಹತ್ತಿರದ್ದು. ಐಸ್ಲೆಂಡದ ನಾಯಕಿಯಾಗಿದ್ದ ಸಾರಾ ಬ್ಯೋರ್ಕ್ ಗುನ್ನರ್ಸ್‌ದೋತ್ತಿರ್ ೨೦೨೦ರಲ್ಲಿ ಫ್ರಾನ್ಸದ ಲಿಯೋನ್ ತಂಡದ ಪರವಾಗಿ ಆಡಿ ಯುರೋಪದ ಚಾಂಪಿಯನ್ಸ್ ಲೀಗನ್ನು ಗೆದ್ದವಳು. ಅಂತಿಮ ಪಂದ್ಯದಲ್ಲಿ ಗೋಲನ್ನೂ ಹೊಡೆದಿದ್ದಳು. ೨೦೨೧ರಲ್ಲಿ ಅವಳು ಗರ್ಭಿಣಿಯಾಗಿ ತಾಯಿನಾಡಿಗೆ ಹೋದಾಗ ಆ ಸಂಘವು ಅವಳ ಪಗಾರವನ್ನು ಪೂರ್ತಿ ಕೊಡಲಿಲ್ಲ. ಆಟಗಾರ್ತಿಯರಿಗೆ ಕನಿಷ್ಠ ಹದಿನಾಲ್ಕು ವಾರಗಳ ಪ್ರಸೂತಿ ರಜೆಯನ್ನೂ, ಆಗ ಮೂರರಲ್ಲಿ ಎರಡು ಪಾಲು ಪಗಾರವನ್ನೂ ಕೊಡತಕ್ಕದ್ದೆಂದು ಫೀಫಾ ಮಂಡಳವು ೨೦೨೧ರ ಆರಂಭದಿಂದ ನಿಯಮ ಮಾಡಿದ್ದಿತು. ಸಾರಾಳು ಆ ಮಂಡಳದ ನ್ಯಾಯಪೀಠಕ್ಕೆ ದೂರಿತ್ತಳು. ೨೦೨೨ರಲ್ಲಿ ತೀರ್ಪು ಅವಳ ಕಡೆಗೆ ಆಯಿತು. ೮೨ ಸಾವಿರಕ್ಕೂ ಮಿಕ್ಕಿದ ಯುರೋ ನಾಣ್ಯವನ್ನು ಬಡ್ಡಿಯೊಡನೆ ಕೊಡಬೇಕೆಂದು ಅಪ್ಪಣೆಯಾಯಿತು. ತಾಯಿಯಾಗುವದು ಉದ್ಯೋಗಕ್ಕೆ ಅಡ್ಡಿಯಲ್ಲವೆಂದು ಜಗತ್ತಿನ ಆಟಗಾರ್ತಿಯರಿಗೆಲ್ಲ ತೋರಿಸಿಕೊಟ್ಟವಳು ನಾಲ್ಕು ಲಕ್ಷ ಜನರ ನಾಡಿನ ಮಗಳು.

ಬೆಂಗಳೂರಿನಿಂದ ಗ್ಲಾಸ್ಗೋಕ್ಕೆ

ಇದೆಲ್ಲ ಪರದೇಶದ ವಾರ್ತೆಯೆಂದು ವಾಚಕರು ಪುಟವನ್ನು ಮಗುಚಬಾರದು; ಈ ಎಳೆಯು ನಮ್ಮ ನಾಡಿನವರೆಗೂ ಬಂದಿದೆ. ೨೦೧೯ರಲ್ಲಿ ಬೆಂಗಳೂರು ಎಫ್.ಸಿ. ಸಂಘಕ್ಕೂ ಸ್ಕಾಟ್ಲಂಡದ ಗ್ಲಾಸ್ಗೋ ನಗರದ ರೇಂಜರ್ಸ್ ಸಂಘಕ್ಕೂ ಸಹಕಾರದ ಒಪ್ಪಂದವಾಯಿತು. ಅದರ ಫಲವಾಗಿ ಮಣಿಪುರದ ಙಂಗೋಮ್ ಬಾಲಾದೇವಿಯು ಪರೀಕ್ಷಾರ್ಥವಾಗಿ ಗ್ಲಾಸ್ಗೋಕ್ಕೆ ಹೋಗಿ, ೨೦೨೦ರ ಜನವರಿಯಲ್ಲಿ ಹದಿನೆಂಟು ತಿಂಗಳ ಕರಾರಿನ ಮೇಲೆ ಆ ತಂಡವನ್ನು ಸೇರಿದಳು. ಅದೇ ಡಿಸೆಂಬರದಲ್ಲಿ ಮದರ್‌ವೆಲ್ ತಂಡದ ಎದುರು ಅವಳು ತನ್ನ ಮೊದಲ ಗೋಲನ್ನು ಹೊಡೆದಳು. ರೋಸ್ ರೈಲಿಗೆ ಬಾಗಿಲು ಮುಚ್ಚಿದ್ದ ಅದೇ ನಾಡು ಭಾರತದ ಮಗಳಿಗೆ ಬಾಗಿಲು ತೆರೆದದ್ದು ಕಾಲದ ಮಹಿಮೆ! ಗೋಲ್‌ಕೀಪರಳಾದ ಅದಿತಿ ಚೌಹಾನಳು ೨೦೨೧ರಲ್ಲಿ ಐಸ್ಲೆಂಡದ ಹಮಾರ್ ಸಂಘದಲ್ಲಿ ಆಡಿದಳು. ಪಂಜಾಬದ ಮನೀಷಾ ಕಲ್ಯಾಣಳು ೨೦೨೨ರಲ್ಲಿ ಸೈಪ್ರಸ್ ದ್ವೀಪದ ಅಪೊಲೊನ್ ತಂಡವನ್ನು ಸೇರಿ, ಸ್ತ್ರೀಯರ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದಳು. ನಮ್ಮವರಿಗೆ ಆಶ್ರಯವಿತ್ತವುಗಳಲ್ಲಿ ಸಣ್ಣ ನಾಡುಗಳೇ ಇಷ್ಟಿರುವದು ಗಮನಿಸತಕ್ಕ ಮಾತು.

ಭಾರತದಲ್ಲಿ ಸ್ತ್ರೀಯರ ರಾಷ್ಟ್ರೀಯ ಸ್ಪರ್ಧೆಯು ೧೯೭೫ರಲ್ಲಿ ಲಖನೌ ನಗರದಲ್ಲಿ ಆರಂಭವಾಯಿತು. ೧೯೮೦ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾದ ಸ್ಪರ್ಧೆಯಲ್ಲಿ ನಮ್ಮವರು ಎರಡನೆಯ ಸ್ಥಾನವನ್ನು ಪಡೆದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಹಿಂದಿನ ತಲೆಮಾರಿನಲ್ಲಿ ಭಾರತದ ಪರವಾಗಿ ಆಡಿದವರು. ಆಮೇಲೆ ಬಹುಕಾಲ ಮಂಕು ಕವಿಯಿತು. ೨೦೧೭ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಹುಟ್ಟಿತು. ೨೦೨೩ರ ಮೇ ತಿಂಗಳಲ್ಲಿ ಅದರ ಅಂತಿಮ ಪಂದ್ಯಕ್ಕೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವು ಏರಿ, ಗೋಕುಲಂ ಕೇರಳದ ಎದುರು ೫-೦ರಿಂದ ಸೋತಿತು. ೨೦೨೫ರ ಜುಲೈ ೫ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲಂಡವನ್ನು ಅದರ ನೆಲದಲ್ಲಿಯೇ ೨-೧ರಿಂದ ಸೋಲಿಸಿ ೨೦೨೬ರ ಏಷ್ಯಾ ಕಪ್ಪಿಗೆ ಪ್ರವೇಶ ದೊರಕಿಸಿದರು. ಎರಡೂ ಗೋಲುಗಳನ್ನು ಹೊಡೆದವಳು ಬಂಗಾಲದ ಸಂಗೀತಾ ಬಾಸ್ಫೋರಳು. ಅರ್ಹತಾ ಪಂದ್ಯಗಳನ್ನು ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು.

ಆದರೆ ಕಿಕ್‌ಸ್ಟಾರ್ಟದಂಥ ತಂಡದಲ್ಲಿಯೂ ಅನೇಕರು ಮಣಿಪುರ ಮೊದಲಾದ ಪರಪ್ರಾಂತಗಳಿಂದ ಬಂದವರು. ಭಾರತದೊಳಗಿನ ಐಸ್ಲೆಂಡ ಯಾವದೆಂದು ಕೇಳಿದರೆ ಮಣಿಪುರವನ್ನೇ ತೋರಿಸಬೇಕು. ೨೦೧೧ರಲ್ಲಿ ಅಲ್ಲಿದ್ದವರು ಸುಮಾರು ೨೮ ಲಕ್ಷ ಜನರು. ಆ ರಾಜ್ಯದ ಹೆಣ್ಣುಮಕ್ಕಳು ಇಪ್ಪತ್ತಕ್ಕಿಂತ ಹೆಚ್ಚು ಸಲ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿರುವರು. ಅಲ್ಲಿಯ ಓಯ್ನಮ್ ಬೆಂಬೆಂ ದೇವಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ನಮ್ಮ ಧಾರವಾಡ ಜಿಲ್ಲೆಯೊಂದರಲ್ಲಿಯೇ ಅದೇ ಗಣತಿಯ ಪ್ರಕಾರ ೧೮ ಲಕ್ಷ ಜನರಿದ್ದರು. ಜನರಿಗೆ ಕೊರತೆಯಿಲ್ಲವೆಂಬದು ಇದರಿಂದ ಸಿದ್ಧವಾಯಿತು. ಕೊರತೆ ಇರುವದು ಬೇರೆಡೆಯಲ್ಲಿ.

ನಮ್ಮ ಮನೆ, ನಮ್ಮ ಬಯಲು

ಆ ಕೊರತೆ ಎಲ್ಲಿರುವದೆಂಬದನ್ನು ಶಾಲೆಯಲ್ಲಿ ಬಹುಕಾಲ ಕಲಿಸಿದವರೆಲ್ಲರೂ ಬಲ್ಲರು. ಐದನೆಯ ಇಯತ್ತೆಯಲ್ಲಿ ಖೋ ಖೋ, ಹುತುತು ಆಟಗಳಲ್ಲಿ ಗಾಳಿಯಂತೆ ಓಡುವ ಹುಡುಗಿಯು ಎಂಟನೆಯ ಇಯತ್ತೆಗೆ ಬಂದಾಗ ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿರುವಳು. ಹತ್ತನೆಯದರಲ್ಲಿ ನೋಡುವದಕ್ಕೂ ಬರಲಾರಳು. ಅವಳ ಕಾಲುಗಳಲ್ಲಿ ಶಕ್ತಿ ಕುಂದಿತೇ? ಇಲ್ಲ. ಶಾಲೆಯಲ್ಲಿ ಶುಚಿಯಾದ ಶೌಚಗೃಹವಿಲ್ಲ. ಉಡುಪು ಬದಲಿಸಲು ಕೋಣೆಯಿಲ್ಲ. ಸಂಜೆ ಮನೆಗೆ ಮರಳುವ ದಾರಿಯಲ್ಲಿ ದೀಪವಿಲ್ಲ. ಮನೆಯಲ್ಲಿ ತಮ್ಮನು ಆಡಲು ಹೋಗುವ ಹೊತ್ತಿಗೆ ಇವಳಿಗೆ ಪಾತ್ರೆಗಳು ಕಾದಿರುವವು. ಇವೆಲ್ಲಕ್ಕೂ ಮಿಗಿಲಾಗಿ, ನೆರೆಯವರು ಏನೆಂದಾರೋ ಎಂಬ ಅಂಜಿಕೆ. ಇಂಗ್ಲಂಡದ ಮಂಡಳವು ೧೯೨೧ರಲ್ಲಿ ಕಾಗದದ ಮೇಲೆ ಬರೆದು ಮಾಡಿದ ನಿಷೇಧವನ್ನು ನಾವು ಬರೆಯದೆಯೇ ನಡೆಸುತ್ತಿರುವೆವು. ಬರೆದ ನಿಷೇಧವನ್ನು ಒಂದು ಠರಾವಿನಿಂದ ರದ್ದು ಮಾಡಬಹುದು. ಬರೆಯದ ನಿಷೇಧವನ್ನು ಮನೆಮನೆಯಲ್ಲಿ ಅಳಿಸಬೇಕಾಗುವದು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಒಂದು ಚೆಂಡಿನಿಂದ ಇಪ್ಪತ್ತೆರಡು ಮಕ್ಕಳು ಆಡಬಲ್ಲರು. ಇಷ್ಟು ಅಗ್ಗದ ವ್ಯಾಯಾಮವು ಬೇರೊಂದಿಲ್ಲ. ಹುಬ್ಬಳ್ಳಿಯ ನೆಹರೂ ಮೈದಾನ, ಧಾರವಾಡದ ಆರ್. ಎನ್. ಶೆಟ್ಟಿ ಕ್ರೀಡಾಂಗಣ, ಶಾಲೆ ಕಾಲೇಜುಗಳ ಬಯಲುಗಳು ನಮ್ಮಲ್ಲಿ ಉಂಟು. ಅವುಗಳಲ್ಲಿ ವಾರಕ್ಕೆ ಮೂರು ದಿವಸ, ಸಂಜೆ ಒಂದು ತಾಸು, ಹುಡುಗಿಯರಿಗೆಂದೇ ಗೊತ್ತುಪಡಿಸಿ, ಆ ಹೊತ್ತನ್ನು ಯಾರೂ ಕಸಿಯದಂತೆ ನೋಡಿಕೊಳ್ಳಬೇಕು. ಆಟ ಕಲಿಸುವವರಿಗೆ, ಸಾಧ್ಯವಿದ್ದಲ್ಲಿ ಹೆಂಗಸರಿಗೇ, ತರಬೇತಿಯನ್ನೂ ತಕ್ಕ ಪಗಾರವನ್ನೂ ಕೊಡಬೇಕು. ಒಂದು ಓಣಿಯ ನಾಲ್ಕಾರು ಮನೆಗಳವರು ಕೂಡಿ, ಇಂದು ಒಬ್ಬ ತಂದೆ, ನಾಳೆ ಒಬ್ಬ ತಾಯಿ ಎಂದು ಸರದಿಯ ಮೇಲೆ ಮಕ್ಕಳನ್ನು ಕರೆದೊಯ್ದು ಕರೆತರಬಹುದು. ಐಸ್ಲೆಂಡದ ಪಾಲಕರ ಒಡಂಬಡಿಕೆ ಇದಕ್ಕಿಂತ ದೊಡ್ಡ ಮಂತ್ರವೇನಲ್ಲ. ತಮ್ಮ ಶಾಲೆಗಳ ತಂಡಗಳನ್ನು ಸಮಬಲದವರೊಡನೆ ಆಡಿಸಬೇಕು. ಮೊದಲ ಪಂದ್ಯದಲ್ಲಿಯೇ ಇಪ್ಪತ್ತು ಗೋಲುಗಳಿಂದ ಸೋತ ಮಗುವು ಎರಡನೆಯದಕ್ಕೆ ಬರಲಾರದು. ಆಡುವ ಮಗುವಿಗೆ ಮನೆಯಲ್ಲಿ ಅಣ್ಣತಮ್ಮಂದಿರಷ್ಟೇ ಹಾಲು, ಕಾಳು, ಸೊಪ್ಪು, ಬೆಲ್ಲಗಳು ಸಿಗಬೇಕೆಂಬದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲವಷ್ಟೆ.

ಎಲ್ಲರೂ ರಾಷ್ಟ್ರದ ತಂಡವನ್ನು ಸೇರುವರೆಂದಲ್ಲ. ಐಸ್ಲೆಂಡದಲ್ಲಿಯೂ ಸಾವಿರಾರು ಹುಡುಗಿಯರು ಆಡಿ, ಇಪ್ಪತ್ತು ಚಿಲ್ಲರೆ ಜನರು ಮಾತ್ರ ರಾಷ್ಟ್ರದ ಉಡುಪನ್ನು ತೊಡುವರು. ಉಳಿದವರು ವೈದ್ಯರೂ ಶಿಕ್ಷಕಿಯರೂ ತಾಯಂದಿರೂ ಆಗುವರು. ಆದರೆ ಬಿದ್ದು ಏಳುವದನ್ನೂ, ಸೋತು ನಗುವದನ್ನೂ, ಹನ್ನೊಂದು ಜನರಲ್ಲಿ ಒಬ್ಬಳಾಗಿ ಬಾಳುವದನ್ನೂ ಕಲಿತೇ ಹಾಗಾಗುವರು. ಈ ವಿದ್ಯೆಯನ್ನು ಯಾವ ಪುಸ್ತಕದಿಂದಲೂ ಕಲಿಸಲಾಗದು. ಈ ವರುಷ ಶಾಲೆಯು ತೆರೆಯುವಾಗ ನಮ್ಮ ವಾಚಕರಲ್ಲಿ ಕೆಲವರಾದರೂ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ, "ನಮ್ಮ ಹುಡುಗಿಯರು ಆಡುವ ಹೊತ್ತು ಯಾವದು?" ಎಂದು ಕೇಳಲಿ. ವೇಲ್ಸಿನಲ್ಲಿ ಕೇಳಿದವರು ಮೂವರೇ ಇದ್ದರು.